ಟಕ್ಕರ್ ಸಾಹೇಬನ ಕುರ್ಚಿ

ನನ್ನ ಹೆಸರು ತುಕ್ರ. ಶುಕ್ರವಾರ ಹುಟ್ಟಿದ್ದಕ್ಕೆ ತುಕ್ರ. ಅಪ್ಪ ಭಾನುವಾರದವನು, ಐತ. ಅಜ್ಜ ಶನಿವಾರದವನು, ತನಿಯ. ನಮಗೆ ಹೆಸರಿಡಲು ಯಾರೂ ತಲೆ ಕೆಡಿಸಿಕೊಂಡವರಲ್ಲ. ಜಮೀನಿನ ಒಡೆಯರಾದ ದನಿಗಳ ಮನೆಯವರು ವಾರ ನೋಡಿ ಕರೆದರು, ಅದೇ ನಿಂತಿತು. ಪುತ್ತೂರಿನಿಂದ ಉಡುಪಿಯವರೆಗೆ ಯಾರ ಮುಂದೆ ಈ ಹೆಸರು ಹೇಳಿದರೂ ಅವರು ಮತ್ತೆ ಜಾತಿ ಕೇಳುವುದಿಲ್ಲ. ಕೇಳುವ ಕಷ್ಟವನ್ನು ಹೆಸರೇ ತಪ್ಪಿಸುತ್ತದೆ.

ಒಮಾನಿಗೆ ಬಂದ ಮೇಲೆ ಈ ಹೆಸರು ಇಂಗ್ಲಿಷ್ ಆಯಿತು. ಹೇಗೆಂದು ಹೇಳುತ್ತೇನೆ.

ಸುವೈಕ್ ಪೇಟೆ ದಾಟಿ ಸಮುದ್ರದ ಕಡೆಗೆ ತಿರುಗಿದರೆ ಒಂದು ತಗಡಿನ ಶೆಡ್ಡು ಸಿಗುತ್ತದೆ. ಅಲ್ಲಿ ನಾನು ಕುರ್ಚಿ ಮಾಡುತ್ತಿದ್ದೆ. ಮೇಜು, ಪೆಟ್ಟಿಗೆ, ಬೆಂಚು ಕೂಡ. ಎಲ್ಲವೂ ಹಳೇ ಇಂಗ್ಲಿಷ್ ನಮೂನೆ. ಬೇಸಿಗೆಯಲ್ಲಿ ಆ ಶೆಡ್ಡಿನೊಳಗೆ ಉಸಿರೆಳೆದರೆ ಮೂಗು ಸುಡುತ್ತದೆ. ಮರದ ಹುಡಿ ಬೆವರಿಗೆ ಅಂಟಿ ಕತ್ತಿನ ಸುತ್ತ ಹಿಟ್ಟಿನ ಹಾಗೆ ಗಟ್ಟಿಯಾಗುತ್ತದೆ. ತೊಳೆದರೆ ಹೋಗುವುದಿಲ್ಲ, ಉಗುರಿನಲ್ಲಿ ಕೆರೆಯಬೇಕು.

ಶೆಡ್ಡು ಕಫೀಲನ, ಅಂದರೆ ನಮಗೆ ವೀಸಾ ಕೊಟ್ಟ ಧಣಿಯ, ಹೆಸರಿನಲ್ಲಿದೆ. ಆತ ಒಮಾನಿ, ಯಾವಾಗಲೋ ಬಂದು ಕಾಫಿ ಕುಡಿದು ಹೋಗುತ್ತಾನೆ. ನಡೆಸುವವನು ಸುಕೇಶ. ನಮ್ಮ ಊರಿನ ಕಡೆಯವನೇ, ದೊಡ್ಡ ಜಮೀನಿನ ಗುತ್ತಿನ ಮನೆಯವನು. ಊರಲ್ಲಾದರೆ ಅವನ ಅಂಗಳದ ಹೊರಗೆ ನಿಂತು ದನಿ ಎನ್ನಬೇಕಿತ್ತು. ಇಲ್ಲಿ ಸುಕೇಶಣ್ಣ ಎನ್ನಬಹುದು. ಸಮುದ್ರ ದಾಟಿ ಬಂದದ್ದಕ್ಕೆ ನನಗೆ ಸಿಕ್ಕಿದ ಲಾಭ ಅದು. ಬಾಯಿಯಲ್ಲಿ ಸುಕೇಶಣ್ಣ. ಬರೆಯುವಾಗ ಸುಕೇಶ ಸಾಕು.

ಇಂಗ್ಲಿಷ್ ಕುರ್ಚಿಗೆ ಇಂಗ್ಲೆಂಡಿನ ಓಕ್ ಮರ ಬೇಕಲ್ಲ. ಅದೆಲ್ಲಿಂದ ತರುವುದು. ಸುವೈಕ್ ಕಡಲ ಬದಿಯಲ್ಲಿ ಹಳೇ ದೋಣಿಗಳು ಬಿದ್ದಿರುತ್ತವೆ. ಸುಕೇಶ ಅವನ್ನು ಒಡೆಸಿ ತರುತ್ತಾನೆ. ಸಾಗುವಾನಿ. ಒಂದು ಕಾಲದಲ್ಲಿ ನಮ್ಮ ಕಡೆಯಿಂದಲೇ ಹಡಗು ಹತ್ತಿ ಬಂದ ಮರ. ಅದನ್ನು ಸೀಳಿ, ಕೀಸಿ, ಕಡೆದು ಕುರ್ಚಿ ಮಾಡಬೇಕು. ಮಾಡಿದ ಮೇಲೆ ಹಾಳು ಮಾಡಬೇಕು. ಸರಪಳಿಯಲ್ಲಿ ಹೊಡೆಯಬೇಕು. ಸೂಜಿ ದಪ್ಪದ ಡ್ರಿಲ್ಲಿನಲ್ಲಿ ಹುಳ ತಿಂದ ತೂತು ಕೊರೆಯಬೇಕು. ಚಹಾ ಡಿಕಾಕ್ಷನ್ ಕುದಿಸಿ ಬಳಿಯಬೇಕು. ಸೀಟಿನ ನಡುವೆ, ಕೈ ಇಡುವ ಕಡೆ, ಕಾಲು ತಾಗುವ ಪಟ್ಟಿಯ ಮೇಲೆ ಸ್ಯಾಂಡರ್ ಹಿಡಿದು ಸವೆಸಬೇಕು. ದೊರೆಗಳು ತಲೆತಲಾಂತರ ಕೂತು ಸವೆಸಿದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ಸವೆಸುತ್ತಿದ್ದೆ. ಕೂತು ಅಲ್ಲ, ಬಗ್ಗಿ.

ಸ್ಯಾಂಡರ್ ಹಿಡಿದು ಹಿಡಿದು ಬಲಗೈ ಹೋಯಿತು. ಮೊದಲು ಬೆರಳ ತುದಿ ಜುಮ್ಮೆಂದಿತು. ಆಮೇಲೆ ಅದೂ ನಿಂತಿತು. ಒಂದು ಸಲ ಬೆನ್ನಿನ ಹಲಗೆಗೆ ಹೂವು ಕೊರೆಯುವಾಗ ಉಳಿ ಜಾರಿ ಹೆಬ್ಬೆರಳಿಗೆ ಇಳಿದಿತ್ತು. ನನಗೆ ಗೊತ್ತೇ ಆಗಲಿಲ್ಲ. ಪಾಲಿಶ್ ಮಾಡುವ ಅಫ್ವಾನ್, ಉಳ್ಳಾಲದ ಬ್ಯಾರಿ ಹುಡುಗ, ನೋಡಿ ಹೇಳಿದ. "ತುಕ್ರಣ್ಣ, ರಕ್ತ ಬರ್ತಾ ಉಂಟು." ಅಷ್ಟರಲ್ಲಿ ಹೂವಿನ ಎಸಳೊಳಗೆ ಇಳಿದಿತ್ತು. ಸುಕೇಶ ಬಂದು ನೋಡಿ, ಇರಲಿ, ಬಣ್ಣ ಒಳ್ಳೇದು ಬಂದಿದೆ ಎಂದ. ಅದರ ಮೇಲೆಯೇ ಡಿಕಾಕ್ಷನ್ ಬಳಿದೆವು.

ಕೈ ಮರಗಟ್ಟಿದೆ ಎನ್ನುತ್ತಾರೆ ಕನ್ನಡದಲ್ಲಿ. ಇದಕ್ಕಿಂತ ಸರಿಯಾದ ಮಾತು ಬೇರೆ ಇಲ್ಲ. ಬರೇ ಕೈಯಲ್ಲಿ ಶುರುವಾದದ್ದು ಮೆಲ್ಲಗೆ ಮೇಲೆ ಹತ್ತಿತು. ಊಟ ರುಚಿಸುವುದು ನಿಂತಿತು. ಊರಿಂದ ಹೆಂಡತಿ ಫೋನಿನಲ್ಲಿ ಅತ್ತರೆ ಹೂಂ ಎನ್ನುತ್ತಿದ್ದೆ, ನಕ್ಕರೂ ಹೂಂ.

ಒಂದೇ ಒಂದು ಆಸೆ ಇತ್ತು. ನನ್ನ ಬತಾಕದಲ್ಲಿ, ಅಂದರೆ ಇಲ್ಲಿನ ಗುರುತಿನ ಕಾರ್ಡಿನಲ್ಲಿ, ನಾನು ಲೋಡಿಂಗ್ ಕೆಲಸದವನು. ಹೊರುವವನು. ಬಂದದ್ದು ಹೊರಲಿಕ್ಕೇ. ಆದರೆ ಶೆಡ್ಡಿನ ಪ್ರತಿ ಕುರ್ಚಿಯನ್ನೂ ಮಾಡುತ್ತಿದ್ದವನು ನಾನು. ಕಾರ್ಡು ಹೊಸತು ಮಾಡುವಾಗ ಅದರಲ್ಲಿ ಬಡಗಿ ಎಂದು ಬರಬೇಕು ಎಂದು ಸುಕೇಶನನ್ನು ಕೇಳಿದ್ದೆ. ಬಂದರೆ ಬೇರೆ ಕಡೆ ಬಡಗಿಯಾಗಿಯೇ ಕೆಲಸ ಕೇಳಬಹುದು. ಊರಿಗೆ ಹೋದರೂ ತೋರಿಸಬಹುದು. ನಮ್ಮ ಕೇರಿಯವನೊಬ್ಬ ಬಡಗಿ ಎಂದು ಯಾವ ಸರಕಾರವೂ ಇದುವರೆಗೆ ಬರೆದುಕೊಟ್ಟದ್ದಿಲ್ಲ. ಸುಕೇಶ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದ.

"ಮಾಡುವ ಮಾರಾಯ. ಕಫೀಲನ ಹತ್ರ ಮಾತಾಡ್ತೇನೆ. ನೀನು ಬಾಯಿ ಮುಚ್ಚಿ ಕೆಲಸ ಮಾಡು."

ಬಾಯಿ ಮುಚ್ಚಿದ್ದೆ. ಒಂದು ಸಲ ಮಾತ್ರ ತೆರೆದೆ. ಕರೆಂಟು ಹೋಗಿ ಮಿಷಿನು ನಿಂತಿತ್ತು, ಚಹಾ ಕುಡಿಯುತ್ತ ಕೂತಿದ್ದೆವು. "ನೀನು ಈ ಕೆಲಸ ಎಲ್ಲಿ ಕಲಿತದ್ದು ತುಕ್ರಾ?" ಎಂದು ಸುಕೇಶ ಕೇಳಿದ. ಅದುವರೆಗೆ ಯಾರೂ ಕೇಳಿರಲಿಲ್ಲ. ಹೇಳಿಬಿಟ್ಟೆ. ಆಚಾರಿಗಳ ಕೊಟ್ಟಿಗೆಗೆ ಮರ ಹೊರಲು ಹೋಗುತ್ತಿದ್ದದ್ದು. ಒಳಗೆ ಬರಬಾರದು ಎಂದದ್ದು. ತಟ್ಟಿಯ ಸಂದಿಯಲ್ಲಿ ನಿಂತು ಉಳಿ ಹಿಡಿಯುವುದನ್ನು ನೋಡಿದ್ದು. ಲಾರಿಯ ಸ್ಪ್ರಿಂಗ್ ಪ್ಲೇಟನ್ನು ಕಲ್ಲಿಗೆ ಉಜ್ಜಿ ಉಳಿ ಮಾಡಿಕೊಂಡದ್ದು. ಮೊದಲು ಮಾಡಿದ ಮಣೆಯನ್ನು ದನಿಗಳ ಮನೆಗೆ ಕೊಟ್ಟದ್ದು, ಅವರು ಅದನ್ನು ಹಾಲು ಕರೆಯುವಾಗ ಕೂರಲಿಕ್ಕೆ ಇಟ್ಟುಕೊಂಡದ್ದು. ಸುಕೇಶ ಲೋಟ ಕೆಳಗಿಡದೆ ಕೇಳಿದ. ನನಗೆ ಸ್ವಲ್ಪ ಹಗುರವೂ ಆಯಿತು ಎನ್ನಬೇಕು.

ಆಮೇಲೆ ಮಸ್ಕತ್ತಿನ ರೂವಿಯಲ್ಲಿದ್ದ ಸುಕೇಶನ ಶೋರೂಮಿಗೆ ಪೆಟ್ಟಿಗೆಯೊಂದನ್ನು ಹೊತ್ತುಕೊಂಡು ಹೋದಾಗ ಅದೇ ಕಥೆ ಕೇಳಿತು. ಸುಕೇಶ ಒಬ್ಬ ಗಿರಾಕಿಗೆ ಹೇಳುತ್ತಿದ್ದ.

"ಟಕ್ಕರ್ ಅಂತ ಸರ್. ಲಂಡನ್. ಮುನ್ನೂರು ವರ್ಷದ ಹಿಂದೆ. ಭಾರಿ ಬಡವ. ಶುಕ್ರವಾರ ಹುಟ್ಟಿದ್ದು ಅಂತೆ. ಬಡಗಿಗಳ ಸಂಘದವರು ಒಳಗೆ ಬಿಡ್ಲಿಲ್ಲ. ಗೋಡೆಯ ಸಂದಿಯಲ್ಲಿ ನೋಡಿ ಕಲಿತದ್ದು. ಕುದುರೆ ಗಾಡಿಯ ಕಬ್ಬಿಣ ಉಜ್ಜಿ ಉಳಿ ಮಾಡಿದ. ದೊರೆಗಳಿಗೆ ಕುರ್ಚಿ ಮಾಡಿ ಮಾಡಿ ಕೊಟ್ಟ, ಒಂದರಲ್ಲೂ ಕೂತ್ಕೊಳ್ಳದೆ ಸತ್ತ."

ನಾನು ಪೆಟ್ಟಿಗೆ ಇಳಿಸಿದೆ. ಅಡಿಯಲ್ಲಿ ಕಬ್ಬಿಣದ ಅಚ್ಚಿನಿಂದ ಸುಟ್ಟ ಹೆಸರಿತ್ತು. ಸುಡುವವನು ನಾನೇ. ಇಂಗ್ಲಿಷ್ ಓದಲು ಬರುವುದಿಲ್ಲ, ಯಾವುದೋ ಕಂಪನಿಯ ಹೆಸರು ಎಂದುಕೊಂಡಿದ್ದೆ. ಗಾಡಿ ಓಡಿಸಿಕೊಂಡು ಬಂದಿದ್ದ ಅಫ್ವಾನನಿಗೆ ಹೇಳಿ ಓದಿಸಿದೆ. "ಟಕ್ಕರ್," ಎಂದ. ಮತ್ತೆ ಓದಿ ನಗಲು ಶುರುಮಾಡಿದ. "ಇದು ನೀವೇ ಅಲ್ವಾ ತುಕ್ರಣ್ಣ."

ಸುಕೇಶನನ್ನು ಕೇಳಿದೆ. ಅವನಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. "ಖುಷಿಪಡು ಮಾರಾಯ," ಎಂದ. "ಊರಲ್ಲಿ ನಿನ್ನ ಹೆಸರು ಹೇಳಿದ್ರೆ ಯಾರು ಕುರ್ಚಿ ತಗೊಳ್ತಾರೆ?"

ಅವನು ಹೇಳಿದ್ದು ನಿಜ.

ಆ ಗಿರಾಕಿ ಶ್ರೀನಿವಾಸಮೂರ್ತಿ. ಮೈಸೂರಿನವರು, ಯಾವುದೋ ದೊಡ್ಡ ಆಫೀಸಿನಲ್ಲಿ ದೊಡ್ಡ ಕೆಲಸ. ಮನೆ ಅಲ್ ಮವಾಲೇಹ್‌ನಲ್ಲಿ. ಊರಿಂದ ಅವರ ಗುರುಗಳು ಬರುವವರಿದ್ದರು, ಮನೆಯಲ್ಲೇ ಪಾದಪೂಜೆ. ಗುರುಗಳು ಕೂರಲು ಎಲ್ಲೂ ಇಲ್ಲದಂಥ ಒಂದು ಆಸನ ಬೇಕಿತ್ತು. ಟಕ್ಕರ್ ಮಾಡಿದ ಕುರ್ಚಿಯೇ ಬೇಕೆಂದರು. ಲಂಡನಿನಿಂದ ಬರಬೇಕು, ಸ್ವಲ್ಪ ತಡವಾಗುತ್ತದೆ ಎಂದು ಸುಕೇಶ ಹೇಳಿದ. ಲಂಡನಿನಿಂದ ಬರುವಷ್ಟು ಹೊತ್ತು ನಾನು ಸುವೈಕಿನಲ್ಲಿ ಕೆಲಸ ಮಾಡಿದೆ. ರಕ್ತ ಬಿದ್ದ ಹಲಗೆಯನ್ನು ಇದಕ್ಕೇ ಹಾಕಿದೆವು.

ಹಳೇ ಇಂಗ್ಲಿಷ್ ಕುರ್ಚಿಗೆ ಗೋಂದು ಹಾಕುವ ಹಾಗಿಲ್ಲ. ಕಬ್ಬಿಣದ ಮೊಳೆಯೂ ಇಲ್ಲ. ಸಂದಿಗೆ ಸಂದಿ ಕೂರಿಸಿ ಮರದ ಆಣಿ ಹೊಡೆಯುವುದು. ತಿಳಿದ ಗಿರಾಕಿಗಳು ಕುರ್ಚಿ ಮಗುಚಿ ಆಣಿ ಇದೆಯೇ ಎಂದು ನೋಡುತ್ತಾರಂತೆ. ಅಷ್ಟೂ ಆಣಿಗಳನ್ನು ನಾನು ಒಂದೊಂದಾಗಿ ಕೆತ್ತಿ ಕೂರಿಸಿದೆ.

ಶುಕ್ರವಾರ ಸಾಯಂಕಾಲ ಪೂಜೆ. ಬೆಳಗ್ಗೆ ಅಫ್ವಾನನ ಪಿಕಪ್ಪಿನಲ್ಲಿ ಕುರ್ಚಿ ಹಾಕಿಕೊಂಡು ಹೊರಟೆವು. ಸುಕೇಶ ತನ್ನ ಕಾರಿನಲ್ಲಿ ಮುಂದೆ. ಹೊರಡುವಾಗ ಕರೆದು ಹೇಳಿದ.

"ಇದೊಂದು ಸರಿಯಾಗಿ ಮುಗಿಯಲಿ. ಬರುವ ವಾರ ನಿನ್ನ ಬತಾಕ. ಕಾರ್ಪೆಂಟರ್ ಅಂತಲೇ. ಅಲ್ಲಿ ನೀನು ಹೊತ್ತುಕೊಂಡು ಬಂದವ ಅಷ್ಟೇ. ತಿಳೀತಲ್ಲ?"

"ಆಯ್ತು ಸುಕೇಶಣ್ಣ."

ಮೂರ್ತಿಯವರ ಮನೆಯ ಹಾಲಿನಲ್ಲಿ ಮಾರ್ಬಲ್ಲಿನ ಮೇಲೆ ರಂಗೋಲಿ ಹಾಕಿದ್ದರು. ಹೂವಿನ ವಾಸನೆ, ತುಪ್ಪದ ವಾಸನೆ. ಕುರ್ಚಿಯನ್ನು ರಂಗೋಲಿಯ ಹಿಂದೆ ಇಳಿಸಿದೆವು. ಅಫ್ವಾನ್ ಗಾಡಿ ಸರಿಯಾಗಿ ನಿಲ್ಲಿಸಲು ಕೆಳಗೆ ಹೋದ. ಮೂರ್ತಿಯವರ ಹೆಂಡತಿ ಕಾಂತಾಮಣಿ ಬಂದು ಕುರ್ಚಿಯ ಕೈಯನ್ನು ಸವರಿ ನೋಡಿದರು. ಪಕ್ಕದ ಮನೆಯ ದಮಯಂತಿ ಎಂಬವರು ನೆಲದಲ್ಲಿ ಕೂತು ಮಾಲೆ ಕಟ್ಟುತ್ತಿದ್ದರು. ಬಂಟ್ವಾಳದ ಕಡೆಯವರು ಎಂದು ಮಾತಿನಲ್ಲೇ ಗೊತ್ತಾಯಿತು.

"ಸುಕೇಶ್, ಇವರಿಗೂ ಆ ಟಕ್ಕರ್ ಕಥೆ ಹೇಳ್ರೀ," ಎಂದರು ಮೂರ್ತಿ. "ನಾನು ಹೇಳಿದ್ರೆ ಆ ಫೀಲ್ ಬರಲ್ಲ."

ಸುಕೇಶ ಹೇಳಿದ. ಈ ಸಲ ಇನ್ನೂ ಚೆನ್ನಾಗಿ ಹೇಳಿದ. ಗೋಡೆಯ ಸಂದಿಯ ಹತ್ತಿರ ಸ್ವಲ್ಪ ನಿಲ್ಲಿಸಿದ. ಕಾಂತಾಮಣಿಯವರ ಕಣ್ಣು ತುಂಬಿತು.

"ಪಾಪ. ಎಷ್ಟು ಕಷ್ಟಪಟ್ಟಿದಾನೆ ನೋಡಿ ಮನುಷ್ಯ," ಎಂದು ಸೆರಗಿನಲ್ಲಿ ಕಣ್ಣು ಒತ್ತಿಕೊಂಡರು. ಆಮೇಲೆ ಒಳಗೆ ಹೋಗಿ ಚಹಾ ತಂದರು. ಸುಕೇಶನಿಗೆ ಪಿಂಗಾಣಿ ಕಪ್ಪಿನಲ್ಲಿ. ನನಗೆ ಬಾಗಿಲ ಹೊರಗೆ, ಚಪ್ಪಲಿ ಸ್ಟ್ಯಾಂಡಿನ ಮೇಲೆ, ಕಾಗದದ ಲೋಟದಲ್ಲಿ. ಅದು ಕೆಲಸದವರಿಗೆ ಎಲ್ಲರೂ ಮಾಡುವುದು, ಅದರಲ್ಲಿ ಜಾತಿ ಇರಲಿಲ್ಲ. ಲೋಟ ಬಿಸಿಯಿತ್ತೋ ಇಲ್ಲವೋ ಕೈಗೆ ತಿಳಿಯಲಿಲ್ಲ. ಬಾಯಿ ಸುಟ್ಟಾಗ ತಿಳಿಯಿತು.

ಮೂರ್ತಿ ಕುರ್ಚಿಯ ಬೆನ್ನು ಹಿಡಿದು ಅಲ್ಲಾಡಿಸಿದರು. ಟಕ್ ಎಂದಿತು. ಶೆಡ್ಡಿನ ಸಿಮೆಂಟು ನೆಲ ಓರೆಕೋರೆ, ಅದರ ಮೇಲೆ ಸರಿ ನಿಂತದ್ದು ಮಾರ್ಬಲ್ಲಿನ ಮೇಲೆ ಕುಂಟಿತು.

"ತುಕ್ರಾ, ಬಾ ಇಲ್ಲಿ," ಎಂದು ಸುಕೇಶ ತುಳುವಿನಲ್ಲಿ ಕರೆದ. ಅಭ್ಯಾಸಬಲ. ದಮಯಂತಿಯವರ ಕೈ ಮಾಲೆಯ ಮೇಲೆ ನಿಂತಿತು.

ನಾನು ಚೀಲ ತಂದು, ಕುರ್ಚಿ ಓರೆ ಮಾಡಿ, ಉದ್ದವಿದ್ದ ಕಾಲಿನ ಬುಡ ಸ್ವಲ್ಪ ಉಜ್ಜಿದೆ. ನೆಟ್ಟಗೆ ನಿಲ್ಲಿಸಿದೆ. ಆಮೇಲೆ ಯಾವ ಬಡಗಿಯಾದರೂ ಮಾಡುವುದನ್ನು ಮಾಡಿದೆ. ಕೂತು ನೋಡಿದೆ. ಭಾರ ಬೀಳದೆ ಕುಂಟು ತಿಳಿಯುವುದಿಲ್ಲ. ಗುರುಗಳ ಕುರ್ಚಿ ಎಂಬುದು ಆಗ ನನ್ನ ತಲೆಯಲ್ಲಿ ಇರಲೇ ಇಲ್ಲ.

"ಅಯ್ಯೋ, ಅದರಲ್ಲಿ ಕೂತ್ಕೋಬಾರದಪ್ಪಾ," ಎಂದರು ಕಾಂತಾಮಣಿ.

"ಟೆಸ್ಟ್ ಮಾಡಿದ್ದು ಮೇಡಂ," ಎಂದ ಸುಕೇಶ.

ನಾನು ಎದ್ದಾಗಿತ್ತು. ಮೂರ್ತಿ ನಕ್ಕರು. "ಪರವಾಗಿಲ್ಲ ಬಿಡೇ. ಏನಪ್ಪಾ ನಿನ್ನ ಹೆಸರು?"

"ತುಕಾರಾಮ ಅಂತ ಸರ್," ಎಂದು ಸುಕೇಶನೇ ಹೇಳಿದ.

ದಮಯಂತಿ ಮಾಲೆ ಕೆಳಗಿಟ್ಟರು. ಮೆತ್ತಗೆ, ಬಹಳ ಮರ್ಯಾದೆಯಿಂದಲೇ ಕೇಳಿದರು.

"ನಿನ್ನ ಊರು ಎಲ್ಲಿ ಮಾರಾಯ? ಅಪ್ಪನ ಹೆಸರೆಂಥದ್ದು?"

ಸುಕೇಶ ನನ್ನನ್ನು ನೋಡಿದ. ಏನು ಬೇಕಾದರೂ ಹೇಳಬಹುದಿತ್ತು. ರಾಮಪ್ಪ, ಶೀನಪ್ಪ, ಬಾಯಿಗೆ ಬಂದದ್ದು. ಬತಾಕ ಬರುವ ವಾರ ಬರುತ್ತಿತ್ತು. ಆದರೆ ಹೆಸರು ಒಂದು ಸಲ ಕದ್ದು ಆಗಿತ್ತು, ಒಂದು ಸಲ ತಿದ್ದಿ ಆಗಿತ್ತು. ಸತ್ತ ಅಪ್ಪನನ್ನೂ ಅದರೊಳಗೆ ಎಳೆಯಲು ಮನಸ್ಸು ಬರಲಿಲ್ಲ.

"ಐತ," ಎಂದೆ.

ದಮಯಂತಿ ಮತ್ತೇನೂ ಕೇಳಲಿಲ್ಲ. ಎದ್ದು ಕಾಂತಾಮಣಿಯವರನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಕಾಂತಾಮಣಿ ಒಂದು ಬಟ್ಟಲಲ್ಲಿ ಅರಿಶಿನದ ನೀರು, ಹೊಸ ಬಟ್ಟೆ ಹಿಡಿದು ಬಂದರು. ನನ್ನ ಮುಖ ನೋಡಲಿಲ್ಲ.

"ನಾವು ಅಂಥದ್ದೆಲ್ಲ ನೋಡೋರಲ್ಲಪ್ಪಾ," ಎಂದರು ಮೂರ್ತಿ. "ಗುರುಗಳು ಕೂರೋ ಜಾಗ ನೋಡು, ಅದಕ್ಕೆ. ನೀನು ಬೇಜಾರು ಮಾಡ್ಕೋಬೇಡ."

"ಕುರ್ಚಿಗೆ ದೋಷ ಇಲ್ಲ," ಎಂದರು ದಮಯಂತಿ, ಕಾಂತಾಮಣಿಯವರಿಗೆ ಸಮಾಧಾನ ಹೇಳುವಂತೆ. "ಅದು ಇಂಗ್ಲಿಷಿನವರು ಮಾಡಿದ್ದಲ್ವಾ. ಇವ ಮುಟ್ಟಿದ್ದು ಮಾತ್ರ. ಒರೆಸಿದ್ರೆ ಆಯ್ತು."

ಕಾಂತಾಮಣಿ ಒರೆಸಿದರು. ನಾನು ಕೂತ ಸೀಟು. ನಾನು ಹಿಡಿದ ಕೈಗಳು. ಚೆನ್ನಾಗಿ ಒತ್ತಿ ಒರೆಸಿದರು. ಬೆನ್ನಿನ ಹಲಗೆಯ ಹೂವಿಗೆ ಬಟ್ಟೆ ತಾಗಿಸಲಿಲ್ಲ. ಟಕ್ಕರ್ ಮುಟ್ಟಿದ್ದನ್ನು ಬಿಟ್ಟರು, ತುಕ್ರ ಮುಟ್ಟಿದ್ದನ್ನು ಒರೆಸಿದರು. ನನ್ನ ರಕ್ತ ಅಲ್ಲೇ ಒಣಗಿ ಕೂತಿತ್ತು, ಒಳ್ಳೇ ಬಣ್ಣವಾಗಿ.

ಸಿಟ್ಟು ಬರುತ್ತದೆ ಎಂದು ಕಾದೆ. ಬರಲಿಲ್ಲ. ಕೈಗೆ ಆದದ್ದೇ ಎದೆಗೂ ಆಗಿತ್ತು. ಸುಕೇಶ ಹತ್ತಿರ ಬಂದು ತುಳುವಿನಲ್ಲಿ ಪಿಸುಗುಟ್ಟಿದ. ತೆಪ್ಪಗೆ ಹೊರಗೆ ಹೋಗು, ಬತಾಕ ಬೇಕೋ ಬೇಡವೋ ಎಂದು. ನಾನು ಚೀಲ ಎತ್ತಿಕೊಂಡೆ. ಹೋಗುವವನೇ ಇದ್ದೆ. ಸುಳ್ಳು ಹೇಳುವುದಿಲ್ಲ, ನಿಜಕ್ಕೂ ಹೋಗುವವನಿದ್ದೆ.

ಅಷ್ಟರಲ್ಲಿ ಮೂರ್ತಿ ಕುರ್ಚಿಯನ್ನು ಇನ್ನೊಮ್ಮೆ ಅಲ್ಲಾಡಿಸಿದರು. ಟಕ್.

"ಇನ್ನೂ ಸ್ವಲ್ಪ ಇದೆಯಲ್ರೀ."

ಎಲ್ಲರೂ ನನ್ನನ್ನು ನೋಡಿದರು. ಕಾಂತಾಮಣಿ ಒರೆಸಿದ ಸೀಟು ನೋಡಿದರು, ಬಟ್ಟಲು ನೋಡಿದರು. ಬಹಳ ಯೋಚಿಸಿ ಕೇಳಿದರು.

"ಅಡಿಯಿಂದ ಮಾತ್ರ ಮುಟ್ಟಿ ಸರಿ ಮಾಡಕ್ಕಾಗುತ್ತಾ?"

"ಆಗ್ತದೆ," ಎಂದೆ.

ಕುರ್ಚಿಯನ್ನು ಕಾಲು ಹಿಡಿದು ಮಗುಚಿದೆ. ಚೀಲದಿಂದ ಕೊಡತಿ ತೆಗೆದೆ, ಸಣ್ಣ ಗೂಟ ತೆಗೆದೆ. ಗೂಟವನ್ನು ಮೊದಲ ಆಣಿಯ ಮೇಲಿಟ್ಟು ಒಂದೇಟು ಹಾಕಿದೆ. ಆಣಿ ಆ ಕಡೆಯಿಂದ ಹೊರಬಂತು. ಜೇಬಿಗೆ ಹಾಕಿಕೊಂಡೆ. ಮುಂದಿನದು. ಅದರ ಮುಂದಿನದು. ಅವರೆಲ್ಲ ರಿಪೇರಿ ಎಂದುಕೊಂಡರು. ಒಂದು ಕಾಲು ಕೈಗೆ ಬಂತು. ಅದನ್ನು ನೆಲದಲ್ಲಿ ಮಲಗಿಸಿದೆ. ಇನ್ನೊಂದು ಕಾಲು ಬಂತು. ಅದರ ಪಕ್ಕಕ್ಕಿಟ್ಟೆ. ಆಗ ಸುಕೇಶನಿಗೆ ಅರ್ಥವಾಯಿತು.

"ಎಂಥ ಮಾಡ್ತಾ ಇದ್ದಿ ತುಕ್ರಾ?"

ತುಕಾರಾಮ ಎನ್ನುವುದು ಅವನಿಗೇ ಮರೆತುಹೋಗಿತ್ತು.

ನಾನು ನಿಲ್ಲಿಸಲಿಲ್ಲ. ಪಟ್ಟಿಗಳು ಬಂದವು, ಸೀಟು ಬಂತು, ಕೈಗಳು ಬಂದವು. ಕೊನೆಗೆ ಬೆನ್ನಿನ ಹಲಗೆ. ಎಲ್ಲವನ್ನೂ ಸಾಲಾಗಿ ಮಾರ್ಬಲ್ಲಿನ ಮೇಲಿಟ್ಟೆ. ಸಂದಿಗಳು ಬಿಚ್ಚಿಕೊಂಡು ಒಳಗಿನ ಮರ ಕಂಡಿತು. ಹೊರಗೆ ಮುನ್ನೂರು ವರ್ಷದ ಕಪ್ಪು. ಒಳಗೆ ಹಳದಿ ಸಾಗುವಾನಿ, ಹೊಸದಾಗಿ ಉಳಿ ತಾಗಿದ್ದು. ಅದರ ವಾಸನೆ ಹಾಲಿನ ತುಂಬ ಆಯಿತು.

ಮೂರ್ತಿ ಬಗ್ಗಿ ನೋಡಿದರು. ಓದಿದವರು, ತಿಳಿಯಲು ಹೊತ್ತು ಬೇಕಾಗಲಿಲ್ಲ.

"ಏನ್ರೀ ಸುಕೇಶ್, ಇದು ಟಕ್ಕರ್ ಅಲ್ವಾ?"

"ತುಕ್ರ," ಎಂದೆ ನಾನು. "ಶುಕ್ರವಾರ ಹುಟ್ಟಿದವ. ಸಂದಿಯಲ್ಲಿ ನಿಂತು ಕಲಿತವ. ನೀವು ಆಗ ಕಣ್ಣೀರು ಹಾಕಿದ್ದು ನನಗೇ."

ಕಾಂತಾಮಣಿಯವರ ಕೈಯಲ್ಲಿ ಬಟ್ಟಲು ಹಾಗೇ ಇತ್ತು. ಅವರಿಗೆ ಹೇಳಿದೆ.

"ಈಗ ಒರೆಸಿ ಅಮ್ಮ. ಒಳಗೂ ಒರೆಸಿ. ಎಲ್ಲ ಕಡೆ ಮುಟ್ಟಿದ್ದೇನೆ."

ಅವರು ಒರೆಸಲಿಲ್ಲ. ದಮಯಂತಿ ಅರ್ಧ ಕಟ್ಟಿದ ಮಾಲೆ ನೋಡುತ್ತ ನಿಂತರು. ಸುಕೇಶನ ಮುಖ ಬೆವರಿತ್ತು, ಏಸಿ ಹಾಕಿದ ಮನೆಯಲ್ಲಿ.

"ನಿನ್ನ ಬತಾಕ ಖಲಾಸ್," ಎಂದ. "ನಾಳೆಯೇ ಊರಿಗೆ ಕಳಿಸ್ತೇನೆ. ಮರ ಹೊರ್ಲಿಕ್ಕೇ ಲಾಯಕ್ಕು ನೀನು."

ಅದೂ ನಿಜವಾಗುತ್ತದೆ ಎಂದು ಗೊತ್ತಿತ್ತು. ಕೊಡತಿ ಚೀಲಕ್ಕೆ ಹಾಕಿದೆ.

ಬಾಗಿಲ ಹತ್ತಿರ ಹೋದಾಗ ಮೂರ್ತಿ ಹಿಂದಿನಿಂದ ಬಂದರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ. ದನಿ ತಗ್ಗಿಸಿ, ಹೆಂಡತಿಗೆ ಕೇಳದ ಹಾಗೆ ಹೇಳಿದರು.

"ಸಾಯಂಕಾಲ ಗುರುಗಳು ಬಂದುಬಿಡ್ತಾರಪ್ಪಾ. ನೂರಾರು ಜನ ಬರ್ತಾರೆ. ಎಲ್ಲರಿಗೂ ಟಕ್ಕರ್ ಕುರ್ಚಿ ಅಂತ ಹೇಳಿದೀನಿ. ಆಗಿದ್ದು ಆಯ್ತು, ಜೋಡಿಸಿಕೊಟ್ಟು ಹೋಗು. ನಾವ್ಯಾರೂ ಯಾರಿಗೂ ಹೇಳಲ್ಲ."

ನಾನು ಅವರ ಮುಖ ನೋಡಿದೆ. ಒಳ್ಳೆಯ ಮುಖ. ಊರಲ್ಲಿ ದನಿಗಳಿಗೂ ಒಳ್ಳೆಯ ಮುಖವೇ ಇತ್ತು.

"ಟಕ್ಕರನ್ನೇ ಕರೀರಿ ಸರ್," ಎಂದೆ.

ಲಿಫ್ಟಿನಲ್ಲಿ ಇಳಿದೆ. ಅಫ್ವಾನ್ ಪಿಕಪ್ಪಿನೊಳಗೆ ಕೂತು ಖರ್ಜೂರ ತಿನ್ನುತ್ತಿದ್ದ. ಪಕ್ಕದಲ್ಲಿ ಕೂತೆ. ಬಿಸಿಲು ಗಾಜಿನಿಂದ ನೇರ ತೊಡೆಯ ಮೇಲೆ ಬಿತ್ತು.

"ಎಂಥ ತುಕ್ರಣ್ಣ, ಇಷ್ಟು ಬೇಗ ಮುಗೀತಾ? ಕುರ್ಚಿ ಹಿಡಿಸಿತಾ ಅವರಿಗೆ?"

"ಹೋಗುವ," ಎಂದೆ.

ಗಾಡಿ ತರಕಾರಿ ಮಾರುಕಟ್ಟೆ ದಾಟಿತು. ಫೋನು ಬಡಿದುಕೊಳ್ಳತೊಡಗಿತು. ಸುಕೇಶ. ನಿಂತಿತು, ಮತ್ತೆ ಬಡಿದುಕೊಂಡಿತು. ಆಣಿ ಎಲ್ಲಿ ಎಂದು ಕೇಳಲಿಕ್ಕೆ ಇರಬೇಕು. ಆಣಿ ಇಲ್ಲದೆ ಆ ಮರವನ್ನು ಯಾರೂ ಕುರ್ಚಿ ಮಾಡಲಾರರು. ಬಲಗೈಯನ್ನು ಜೇಬಿಗೆ ಹಾಕಿದೆ. ಒಳಗೆ ಏನೂ ತಿಳಿಯಲಿಲ್ಲ. ಬೆರಳು ಆಣಿಗೆ ತಾಗಿತೋ, ಬಟ್ಟೆಗೆ ತಾಗಿತೋ, ಬರೇ ಜೇಬೋ. ಎಲ್ಲಿ ಬಿದ್ದುಹೋಯಿತೋ ಎಂದು ಹೆದರಿಕೆಯಾಯಿತು. ಎಷ್ಟೋ ದಿನದ ಮೇಲೆ ಆದ ಹೆದರಿಕೆ ಅದು. ಮುಷ್ಟಿ ಕಟ್ಟಿ ಹೊರಗೆ ತೆಗೆದೆ. ಎಡಗೈಯಿಂದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ.

ಇದ್ದವು.